ಫೋರ್ಕ್, ಶಾಕ್ ಬಿಚ್ಚಿ ಕಳಿಸಿದ ಕಥೆ: ಸ್ಪ್ರಿಂಗ್‌ಗೆ ಐದು, ವಾಲ್ವಿಂಗ್‌ಗೆ ನಾಲ್ಕು, ಚೀಟಿಗೆ ಸೊನ್ನೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಪುರುಸೊತ್ತಿದ್ದವರು ಮುಂದೆ ಓದಲಿ. ನನ್ನ ಡರ್ಟ್ ಬೈಕಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಮತ್ತು ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್) ಎರಡನ್ನೂ ಬಿಚ್ಚಿ ಒಂದು ಸಸ್ಪೆನ್ಷನ್ ವರ್ಕ್‌ಶಾಪಿಗೆ ಕಳಿಸಿದ್ದೆ. ನನ್ನ ತೂಕಕ್ಕೆ ತಕ್ಕ ಸ್ಪ್ರಿಂಗ್, ಕಲ್ಲು-ಗುಂಡಿಯ ಟ್ರ್ಯಾಕಿಗೆ ತಕ್ಕ ವಾಲ್ವಿಂಗ್ (ಒಳಗೆ ಆಯಿಲ್ ಹರಿಯುವ ದಾರಿಯ ಹೊಂದಾಣಿಕೆ), ಹೊಸ ಆಯಿಲ್, ಹೊಸ ಸೀಲ್. ಇಷ್ಟು ಕೆಲಸ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಅವರ ತಪ್ಪಿಗೆ, ಅರ್ಧ ನನ್ನ ತಪ್ಪಿಗೆ. ನನ್ನದು ಏನು ಅಂತ ಮುಂದೆ ಬರುತ್ತದೆ, ಹೇಳೋಕೆ ಸ್ವಲ್ಪ ನಾಚಿಕೆ. ವರ್ಕ್‌ಶಾಪಿನ ಹೆಸರು ಹೇಳುವುದಿಲ್ಲ. ಜಗಳಕ್ಕೆ ಬರೆಯುತ್ತಿಲ್ಲ, ಇಂಥ ಕೆಲಸ ಮಾಡಿಸುವ ಯೋಚನೆ ಇರುವವರಿಗೆ ಉಪಯೋಗ ಆಗಲಿ ಅಂತ ಅಷ್ಟೇ.

ಗಾಡಿ ಯಮಾಹಾ ವೈಝಡ್250ಎಫ್. ಮುಂದೆ ಕೆವೈಬಿ ಕಂಪನಿಯ ಎಸ್‌ಎಸ್‌ಎಸ್ ಮಾದರಿಯ ಫೋರ್ಕ್, 48 ಮಿ.ಮೀ. ಕೊಳವೆ, ಎರಡೂ ಕಾಲಿನಲ್ಲಿ ಕಾಯಿಲ್ ಸ್ಪ್ರಿಂಗ್. ಹಿಂದೆಯೂ ಕೆವೈಬಿ ಶಾಕ್. ಮುಂದೆ, ಹಿಂದೆ ಎರಡೂ ಕಡೆ ಚಕ್ರ ಹೆಚ್ಚುಕಡಿಮೆ 300 ಮಿ.ಮೀ. ಆಡುತ್ತದೆ. ಒಳ್ಳೆಯ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇದ್ದದ್ದು ನನ್ನ ಮೈಯಲ್ಲಿ. ನಾನು 88 ಕೆ.ಜಿ. ಬೂಟು, ಹೆಲ್ಮೆಟ್, ಮೊಣಕಾಲಿನ ಬ್ರೇಸ್, ಬೆನ್ನಿಗೆ ನೀರಿನ ಚೀಲ ಎಲ್ಲ ಸೇರಿದರೆ 97. ಈ ಕ್ಲಾಸಿನ ಗಾಡಿಗಳಿಗೆ ಕಾರ್ಖಾನೆಯಲ್ಲಿ ಹಾಕುವ ಸ್ಪ್ರಿಂಗ್ ಸಾಮಾನ್ಯವಾಗಿ 70-75 ಕೆ.ಜಿ. ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಾಗಾಗಿ ಬ್ರೇಕ್ ಹಿಡಿದ ತಕ್ಷಣ ಮೂಗು ನೆಲಕ್ಕೆ, ಗ್ಯಾಸ್ ಕೊಟ್ಟರೆ ಹಿಂಭಾಗ ಕುಕ್ಕರಿಸಿ ಕೂರುತ್ತಿತ್ತು. ಕಲ್ಲಿನ ಇಳಿಜಾರಿನಲ್ಲಿ ಐದು ನಿಮಿಷ ಹೋದರೆ ಕೈ ಮರಗಟ್ಟುತ್ತಿತ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಮುಂದೆ ಜಾಸ್ತಿ ಮುಳುಗುತ್ತಿದೆ ಅಲ್ವಾ, ಕಂಪ್ರೆಷನ್, ಅಂದರೆ ಫೋರ್ಕ್ ಒಳಕ್ಕೆ ಕುಗ್ಗುವ ವೇಗ ತಡೆಯುವ ಸ್ಕ್ರೂ, ನಾಲ್ಕು ಕ್ಲಿಕ್ ಬಿಗಿ ಮಾಡೋಣ ಅಂತ ಸ್ಕ್ರೂಡ್ರೈವರ್ ಹಿಡಿದೆ. ಕೈಗೆ ಬೀಳುವ ಪೆಟ್ಟು ಇನ್ನೂ ಜೋರಾಯಿತು, ಮೂಗು ಮುಳುಗುವುದು ಮಾತ್ರ ನಿಲ್ಲಲಿಲ್ಲ. ಕಾರಣ ಸರಳ. ಗಾಡಿಯ ತೂಕ, ಸವಾರನ ತೂಕ ಹೊರುವುದು ಸ್ಪ್ರಿಂಗ್. ಆಯಿಲ್ ಮತ್ತು ವಾಲ್ವ್ ಮಾಡುವುದು ಆ ಚಲನೆಯ ವೇಗಕ್ಕೆ ಕಡಿವಾಣ ಹಾಕುವ ಕೆಲಸ ಮಾತ್ರ. ಸ್ಪ್ರಿಂಗ್ ಸೋತಿದ್ದರೆ ಕ್ಲಿಕ್ಕರ್ (ಕ್ಲಿಕ್ ಕ್ಲಿಕ್ ಅಂತ ತಿರುಗುವ ಆ ಸ್ಕ್ರೂ) ತಿರುಗಿಸುತ್ತಾ ಕೂರುವುದು ಸುಮ್ನೆ ಕಾಲಹರಣ. ಮೆತ್ತನೆ ಸ್ಪ್ರಿಂಗ್ ಮೇಲೆ ಫೋರ್ಕ್ ಯಾವಾಗಲೂ ತನ್ನ ಓಟದ ಕೆಳಭಾಗದಲ್ಲೇ ಓಡಾಡುತ್ತಿರುತ್ತದೆ. ಅಲ್ಲಿ ಒಳಗಿನ ಗಾಳಿ ಆಗಲೇ ಒತ್ತಿಕೊಂಡು ಗಟ್ಟಿಯಾಗಿರುತ್ತದೆ, ಕಲ್ಲು ನುಂಗೋಕೆ ಜಾಗವೂ ಉಳಿದಿರುವುದಿಲ್ಲ. ಮೆತ್ತಗಿರುವ ಫೋರ್ಕೇ ಕೈಗೆ ಗಟ್ಟಿ ಅನ್ನಿಸುವುದು ಹೀಗೆ. ಇದು ನನ್ನ ತಲೆಗೆ ಹತ್ತೋಕೆ ಒಂದು ವರ್ಷ ಹಿಡಿಯಿತು.

ಎಲ್ಲಿಗಾದರೂ ಕಳಿಸುವ ಮೊದಲು ಮನೆಯಲ್ಲೇ ಸ್ಯಾಗ್, ಅಂದರೆ ಭಾರಕ್ಕೆ ಗಾಡಿ ಎಷ್ಟು ಕೆಳಗೆ ಕೂರುತ್ತದೆ ಅನ್ನುವುದನ್ನು, ಅಳೆಯಿರಿ. ಒಂದು ಟೇಪು, ಜೊತೆಗೆ ಒಬ್ಬ ಗೆಳೆಯ ಸಾಕು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಹಿಂದಿನ ಚಕ್ರ ಗಾಳಿಯಲ್ಲಿರಲಿ. ಆಕ್ಸಲಿನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಮೇಲೆ ಒಂದು ಗುರುತು ಹಾಕಿ ಅಳೆಯಿರಿ. ನನಗೆ 612 ಮಿ.ಮೀ. ಬಂತು. ಆಮೇಲೆ ಗಾಡಿ ನೆಲದ ಮೇಲೆ, ತನ್ನ ತೂಕದಲ್ಲಿ ಮಾತ್ರ. 578. ವ್ಯತ್ಯಾಸ 34, ಇದು ಸ್ಟ್ಯಾಟಿಕ್ ಸ್ಯಾಗ್. ಕೊನೆಗೆ ಬೂಟು-ಹೆಲ್ಮೆಟ್ ಸಮೇತ ನೀವು ಮೇಲೆ ಹತ್ತಿ, ಫುಟ್‌ಪೆಗ್ ಮೇಲೆ ಕಾಲಿಟ್ಟು, ಎರಡು ಸಲ ಜೋರಾಗಿ ಒತ್ತಿ ಬಿಟ್ಟು ಮತ್ತೆ ಅಳೆಯಬೇಕು. ನನಗೆ 499. ಅಂದರೆ ರೇಸ್ ಸ್ಯಾಗ್ 113. ದೊಡ್ಡ ಗಾಡಿಗಳಿಗೆ 100ರಿಂದ 105 ಸುಮಾರು ಸರಿ, ಚಕ್ರದ ಒಟ್ಟು ಓಟದ ಮೂರರಲ್ಲೊಂದು ಭಾಗ. ಬೂಟು ಹಾಕದೆ ಚಡ್ಡಿಯಲ್ಲಿ ಅಳೆದು ನಂಬರ್ ಹೇಳುವವರನ್ನು ನೋಡಿದ್ದೇನೆ, ಆ ನಂಬರಿಗೆ ಬೆಲೆ ಇಲ್ಲ.

ಈಗ ಮಜಾ ಶುರು. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿ ಇಡುವ ಪ್ರಮಾಣ) ಬಿಗಿ ಮಾಡುತ್ತಾ ರೇಸ್ ಸ್ಯಾಗನ್ನು 103ಕ್ಕೆ ತಂದೆ. ನನ್ನ ಗಾಡಿಯಲ್ಲಿ ಶಾಕಿನ ರಿಂಗ್ ಒಂದು ಸುತ್ತು ತಿರುಗಿಸಿದರೆ ಸ್ಯಾಗ್ 3-4 ಮಿ.ಮೀ. ಬದಲಾಗುತ್ತದೆ. ಸರಿ ಆಯ್ತು ಅಂದುಕೊಂಡು ಸ್ಟ್ಯಾಟಿಕ್ ಮತ್ತೆ ಅಳೆದರೆ 24ಕ್ಕೆ ಇಳಿದಿತ್ತು. 30ರಿಂದ 40 ಇರಬೇಕಾದ್ದು. ಇಲ್ಲಿ ತುಂಬಾ ಜನ ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಸವಾರ ಇಲ್ಲದಾಗ ಗಾಡಿ ಕಡಿಮೆ ಕೂರುತ್ತಿದೆ, ಹಾಗಾದರೆ ಸ್ಪ್ರಿಂಗ್ ಗಟ್ಟಿ ಇರಬೇಕು ಅಂತ. ಇಲ್ಲ, ಸ್ಪ್ರಿಂಗ್ ಮೆತ್ತಗಿದೆ. ಸವಾರನ ಭಾರ ತಡೆಯಲಾಗದ ಸ್ಪ್ರಿಂಗನ್ನು ನೀವು ಮೊದಲೇ ಹಿಸುಕಿ ಇಟ್ಟಿದ್ದೀರಿ, ಹಾಗಾಗಿ ಖಾಲಿ ಗಾಡಿಯನ್ನು ಅದು ಮೇಲಕ್ಕೆ ಎತ್ತಿ ಹಿಡಿದಿದೆ. ರೇಸ್ ಸ್ಯಾಗ್ ಸರಿ ಇದ್ದು ಸ್ಟ್ಯಾಟಿಕ್ 40 ದಾಟಿದರೆ ಆಗ ಸ್ಪ್ರಿಂಗ್ ಗಟ್ಟಿ. ಪ್ರೀಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಗಾಡಿ ನಿಲ್ಲುವ ಎತ್ತರ ಬದಲಿಸುತ್ತದೆ, ಅಷ್ಟೇ.

ಶಾಕ್ ಬಿಚ್ಚುವಾಗ ಇನ್ನೊಂದು ಗುಟ್ಟು ಹೊರಬಿತ್ತು. ಲಿಂಕೇಜಿನ (ಶಾಕನ್ನು ಹಿಂದಿನ ಚಕ್ರದ ತೋಳಿಗೆ ಜೋಡಿಸುವ ಕೊಂಡಿಗಳ) ಒಂದು ನೀಡಲ್ ಬೇರಿಂಗ್ ಒಣಗಿ, ತುಕ್ಕು ಹಿಡಿದು ಕೂತಿತ್ತು. ಶಾಕ್ ಒಳಗೆ ಯಾರು ಎಷ್ಟು ಜಾಣತನ ತೋರಿಸಿದರೂ ಆ ಬೇರಿಂಗ್ ತಿರುಗದಿದ್ದರೆ ಪ್ರಯೋಜನ ಇಲ್ಲ. ಶಾಕ್ ಮಾತ್ರ ಕಳಿಸುತ್ತೇವೆ, ಲಿಂಕೇಜ್ ನಮ್ಮ ಹತ್ತಿರವೇ ಇರುತ್ತದೆ. ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಹೊಸ ಬೇರಿಂಗ್ ಹಾಕಿ ಗ್ರೀಸ್ ತುಂಬಿದೆ.

ಇನ್ನು ವರ್ಕ್‌ಶಾಪಿನ ವಿಷಯ. ಅವರು ಒಂದು ಫಾರ್ಮ್ ಕಳಿಸಿದರು. ತೂಕ, ಎತ್ತರ, ಗಾಡಿಯ ವರ್ಷ, ಎಂಥ ಟ್ರ್ಯಾಕು, ಈಗ ಏನು ತೊಂದರೆ. ಕೊನೆಯಲ್ಲಿ ಒಂದು ಪ್ರಶ್ನೆ, ನಿಮ್ಮ ವೇಗ ಎಷ್ಟು. ಹೊಸಬ, ಮಧ್ಯಮ, ವೇಗದ ಕ್ಲಬ್ ರೇಸರ್, ಪ್ರೊ. ನಾನು ಮೂರನೆಯದಕ್ಕೆ ಟಿಕ್ ಹಾಕಿದೆ. ಯಾಕೆ ಅಂತ ಕೇಳಬೇಡಿ. ಎರಡು ಸಲ ಕ್ಲಬ್ ರೇಸಿನಲ್ಲಿ ಓಡಿದ್ದೇನೆ, ಎರಡು ಸಲವೂ ಹಿಂದಿನಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿ ಮುಗಿಸಿದ್ದೇನೆ. ಆದರೂ ಪೆನ್ನು ಕೈಯಲ್ಲಿದ್ದಾಗ 'ಮಧ್ಯಮ' ಅಂತ ಬರೆಯೋಕೆ ಮನಸ್ಸು ಬರಲಿಲ್ಲ.

ಫೋರ್ಕಿಗೆ ಮಿ.ಮೀ.ಗೆ 5.0 ನ್ಯೂಟನ್ (ಒಂದು ಮಿ.ಮೀ. ಕುಗ್ಗಿಸೋಕೆ ಬೇಕಾದ ಬಲ) ಸ್ಪ್ರಿಂಗ್, ಶಾಕಿಗೆ ಮಿ.ಮೀ.ಗೆ 60 ನ್ಯೂಟನ್ ಸ್ಪ್ರಿಂಗ್ ಹಾಕಿದರು. ಹಳೆಯ ಆಯಿಲಿನ ಫೋಟೋ ಕಳಿಸಿದ್ದರು, ಬೂದಿ ಕಲಸಿದ ನೀರಿನ ಹಾಗಿತ್ತು. ನನ್ನದೇ ಸೋಮಾರಿತನ, ಗಂಟೆ ಮೀಟರ್ ನೋಡಿ ಬದಲಿಸಬೇಕಾದ ಆಯಿಲ್ ಅದು. ಒಳಗೆ ಬುಷ್ ಮತ್ತು ಸ್ಪ್ರಿಂಗ್ ಉಜ್ಜಿ ಬರುವ ಪುಡಿ ಅದರಲ್ಲೇ ತೇಲುತ್ತಿರುತ್ತದೆ. ಶಾಕಿಗೆ ನೈಟ್ರೋಜನ್ ತುಂಬಿದರು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಸುಮಾರು 10 ಬಾರ್ ಒತ್ತಡ, ಗ್ಯಾಸ್ ಬಿಡದೆ ಬಿಚ್ಚೋಕೆ ಹೋಗಿ ಮುಖಕ್ಕೆ ಹಾರಿಸಿಕೊಳ್ಳಬೇಡಿ.

ವಾಲ್ವಿಂಗ್ ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು. ಒಳಗೆ ತೂತುಗಳಿರುವ ಪಿಸ್ಟನ್, ಅದರ ಮೇಲೆ ತೆಳು ಉಕ್ಕಿನ ಬಿಲ್ಲೆಗಳ ರಾಶಿ. ಇವೇ ಶಿಮ್. ಆಯಿಲ್ ನುಗ್ಗಿದಾಗ ಬಿಲ್ಲೆಗಳು ಬಾಗಿ ದಾರಿ ಬಿಡುತ್ತವೆ. ಯಾವ ಅಗಲದ್ದು ಎಷ್ಟು, ಯಾವ ದಪ್ಪದ್ದು ಎಷ್ಟು, ಯಾವ ಕ್ರಮದಲ್ಲಿ ಅನ್ನುವುದರ ಮೇಲೆ ಗಾಡಿಯ ಗುಣವೇ ಬದಲಾಗುತ್ತದೆ. ಹೊರಗೆ ನಾವು ತಿರುಗಿಸುವ ಕ್ಲಿಕ್ಕರ್ ಬಿಲ್ಲೆಗಳ ಪಕ್ಕದ ಸಣ್ಣ ಕಳ್ಳದಾರಿಯನ್ನು ಮಾತ್ರ ಹಿಗ್ಗಿಸಿ ಕುಗ್ಗಿಸುತ್ತದೆ. ಚೂಪು ಕಲ್ಲಿಗೆ ಚಕ್ರ ಹೊಡೆದಾಗ ರಾಡ್ ಎಷ್ಟು ಜೋರಾಗಿ ಒಳಗೆ ನುಗ್ಗುತ್ತದೆಂದರೆ ಆ ಸಣ್ಣ ದಾರಿ ಯಾವ ಮೂಲೆಗೂ ಸಾಲದು, ಆಯಿಲೆಲ್ಲ ಬಿಲ್ಲೆಗಳನ್ನು ಬಾಗಿಸಿಯೇ ಹೋಗಬೇಕು. ಹೈ ಸ್ಪೀಡ್, ಲೋ ಸ್ಪೀಡ್ ಕಂಪ್ರೆಷನ್ ಅನ್ನುವುದೂ ಈ ರಾಡಿನ ವೇಗದ ಮಾತು. ಗಾಡಿ ನಿಧಾನ ಹೋಗುತ್ತಿದ್ದರೂ ಕಲ್ಲಿನ ಅಂಚು ಬಡಿದರೆ ಅದು ಹೈ ಸ್ಪೀಡೇ.

ಪಾರ್ಸೆಲ್ ಬಂತು, ಹಾಕಿಕೊಂಡೆ, ಸ್ಯಾಗ್ ಅಳೆದೆ. ರೇಸ್ 104, ಸ್ಟ್ಯಾಟಿಕ್ 33. ಕುಣಿಯುವಷ್ಟು ಖುಷಿ. ಟ್ರ್ಯಾಕಿಗೆ ಹೋದೆ. ಮೊದಲ ಎರಡು ತಿರುವಿನಲ್ಲಿ ಗಾಡಿ ಬದಲಾಗಿದೆ ಅಂತ ಗೊತ್ತಾಯಿತು, ಮೂಗು ಮುಳುಗುತ್ತಿಲ್ಲ, ಜಂಪ್ ಇಳಿದರೆ ತಳ ಬಡಿಯುತ್ತಿಲ್ಲ. ಆದರೆ ಕಲ್ಲು ಮತ್ತು ಮರದ ಬೇರು ಇರುವ ಜಾಗಕ್ಕೆ ಬಂದಾಗ ಮುಂದಿನ ಚಕ್ರ ಕಲ್ಲನ್ನು ನುಂಗುವ ಬದಲು ಅದರಿಂದ ಪಕ್ಕಕ್ಕೆ ಚಿಮ್ಮುತ್ತಿತ್ತು. ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋದ ಹಾಗೆ. ಹಿಂದಿನದು ಒಂದು ಕಡೆ, ಮುಂದಿನದು ಇನ್ನೊಂದು ಕಡೆ, ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ, ಅದೇ. ಒಂದು ಸಲ ಬಿದ್ದೆ ಕೂಡ, ಪೆಟ್ಟಾಗಲಿಲ್ಲ.

ಕ್ಲಿಕ್ಕರ್ ಎಣಿಸೋಣ ಅಂತ ಕೂತೆ. ಬಲಕ್ಕೆ ಪೂರ್ತಿ ಮುಚ್ಚಿ, ಅಲ್ಲಿಂದ ಹೊರಗೆ ಎಷ್ಟು ಕ್ಲಿಕ್ ಅಂತ ಎಣಿಸುವುದು ಕ್ರಮ. ಫೋರ್ಕಿನ ಎಡಗಾಲಿನ ಕಂಪ್ರೆಷನ್ 12, ಬಲಗಾಲಿನದು 9! ಸೆಟ್ಟಿಂಗ್ ಬರೆದ ಚೀಟಿ ಬಾಕ್ಸಿನಲ್ಲಿ ಇರಲೇ ಇಲ್ಲ. ಆಯಿಲ್ ಎಷ್ಟು ಸಿಸಿ, ಯಾವ ಆಯಿಲ್, ಶಿಮ್‌ನಲ್ಲಿ ಏನು ಬದಲಾಯಿಸಿದರು, ಶಾಕಿನ ಹೈ ಸ್ಪೀಡ್ ಎಷ್ಟು ಸುತ್ತು, ಒಂದೂ ಇಲ್ಲ. ಒಂದು ಅಂಕ ಕಳೆದದ್ದು ಇದಕ್ಕೆ. ಇಷ್ಟು ಚೊಕ್ಕವಾಗಿ ಕೆಲಸ ಮಾಡುವವರು ಅರ್ಧ ಹಾಳೆ ಬರೆದು ಹಾಕೋಕೆ ಯಾಕೆ ಜಿಪುಣತನ ಮಾಡುತ್ತಾರೋ ಗೊತ್ತಿಲ್ಲ. ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯೂ ಅಂತ ಇದ್ದರೂ ಒಂದು ಕಂಪನಿಯದ್ದಕ್ಕೂ ಇನ್ನೊಂದು ಕಂಪನಿಯದ್ದಕ್ಕೂ ದಪ್ಪ ಬೇರೆ ಇರುತ್ತದೆ, ಹೆಸರು ಬರೆಯದಿದ್ದರೆ ಮುಂದಿನ ಸಲ ನಾನು ಏನು ಹಾಕಲಿ?

ಫೋನ್ ಮಾಡಿದೆ. ಸಿಟ್ಟಿನಲ್ಲೇ ಮಾಡಿದೆ. ಆ ಕಡೆಯವರು ಕ್ಲಿಕ್ಕರ್ ವಿಷಯಕ್ಕೆ ಕ್ಷಮೆ ಕೇಳಿದರು, ಆಮೇಲೆ ಸಮಾಧಾನವಾಗಿ ಒಂದು ಮಾತು ಕೇಳಿದರು. "ಸರ್, ಆ ಕಲ್ಲಿನ ಜಾಗದಲ್ಲಿ ಯಾವ ಗೇರಿನಲ್ಲಿ ಹೋಗ್ತೀರಿ?"

"ಎರಡನೇದು."

"ಪೂರ್ತಿ ಗ್ಯಾಸಲ್ಲಾ?"

ನಾನು ಸುಮ್ಮನಾದೆ. ಅವರಿಗೆ ಅರ್ಥವಾಯಿತು. "ಮೂರನೇ ಗೇರಿನಲ್ಲಿ ನಿಂತ್ಕೊಂಡೇ ನುಗ್ಗೋರಿಗೆ ಅಂತ ಮಾಡಿದ್ದು ಸರ್ ಅದು, ಫಾರ್ಮಲ್ಲಿ ಹಾಗೆ ಬರೆದಿದ್ರಲ್ಲ. ಕಳಿಸಿ, ಮೆತ್ತಗೆ ಮಾಡ್ಕೊಡ್ತೀನಿ." ಎರಡನೇ ಸಲದ ವಾಲ್ವಿಂಗಿಗೆ ಹಣ ತೆಗೆದುಕೊಳ್ಳಲಿಲ್ಲ, ಕಳಿಸುವ ಖರ್ಚು ಮಾತ್ರ ನನ್ನದು. ವೇಗವಾಗಿ ಹೋಗುವವನು ಕಲ್ಲಿಗೆ ಹೊಡೆಯುವ ಬಲವೇ ಬೇರೆ, ಅವನಿಗೆ ಬಿಲ್ಲೆ ಗಟ್ಟಿ ಇರಬೇಕು. ನನ್ನ ವೇಗಕ್ಕೆ ಆ ಬಿಲ್ಲೆಗಳು ಬಾಗುತ್ತಲೇ ಇರಲಿಲ್ಲ. ಸ್ಪ್ರಿಂಗ್ ಮುಟ್ಟಲಿಲ್ಲ, ತೂಕದ ಬಗ್ಗೆ ನಾನು ಸುಳ್ಳು ಹೇಳಿರಲಿಲ್ಲವಲ್ಲ.

ಎರಡನೇ ಸಲ ಬಂದದ್ದು ಬೇರೆಯೇ ಗಾಡಿ. ಆದರೂ ಟ್ರ್ಯಾಕಿನಲ್ಲಿ ಒಂದು ಪೂರ್ತಿ ದಿನ ನಾನೇ ಕೂತು ಸೆಟ್ ಮಾಡಬೇಕಾಯಿತು, ಅದನ್ನು ಯಾವ ವರ್ಕ್‌ಶಾಪೂ ಮಾಡಿಕೊಡುವುದಿಲ್ಲ. ಮೊದಲು ಫೋರ್ಕ್ ಸಲೀಸಾಗಿ ಜಾರುತ್ತಿದೆಯಾ ನೋಡಿದೆ. ಮುಂದಿನ ಆಕ್ಸಲ್ ನಟ್ ಬಿಗಿ ಮಾಡಿ, ಆಕ್ಸಲನ್ನು ಫೋರ್ಕಿನ ಕಾಲಿಗೆ ಹಿಡಿಸುವ ಪಿಂಚ್ ಬೋಲ್ಟ್ ಸಡಿಲ ಬಿಟ್ಟು, ಬ್ರೇಕ್ ಹಿಡಿದು ಫೋರ್ಕನ್ನು ಐದಾರು ಸಲ ಕೆಳಗೆ ಒತ್ತಿ, ಆಮೇಲೆ ಪಿಂಚ್ ಬೋಲ್ಟ್ ಕೂರಿಸಿದೆ. ಎರಡು ಕಾಲೂ ಒಂದಕ್ಕೊಂದು ನೇರ ಇಲ್ಲದಿದ್ದರೆ ಒಳಗೆ ಉಜ್ಜಿಕೊಂಡು ಹಿಡಿಯುತ್ತದೆ. ಫೋರ್ಕನ್ನು ಗಾಡಿಗೆ ಹಿಡಿಸುವ ಟ್ರಿಪಲ್ ಕ್ಲ್ಯಾಂಪಿನ ಬೋಲ್ಟ್‌ಗಳಿಗೂ ಟಾರ್ಕ್ ರೆಂಚ್ ಬೇಕು, ಕೈಯಳತೆಯಲ್ಲಿ ಬಿಗಿದರೆ ಕೊಳವೆಯನ್ನೇ ಹಿಂಡಿಬಿಡುತ್ತೀರಿ. ಮುಂದಿನ ಚಕ್ರ ಎತ್ತಿ ಫೋರ್ಕಿನ ತಲೆಯ ಮೇಲಿನ ಸಣ್ಣ ಸ್ಕ್ರೂ ಬಿಚ್ಚಿ ಗಾಳಿ ಬಿಟ್ಟೆ. ಟಯರಿಗೆ 13 ಪಿಎಸ್‌ಐ. ಟಯರ್ ಕೂಡ ಸಸ್ಪೆನ್ಷನ್ನೇ, 18 ಪಿಎಸ್‌ಐ ತುಂಬಿಕೊಂಡು ಫೋರ್ಕನ್ನು ಬೈಯುವವರಿದ್ದಾರೆ.

ಆಮೇಲೆ ಒಂದೇ ಸುತ್ತು, ಮೂರು ನಿಮಿಷದ್ದು. ಅದರಲ್ಲಿ ಕಲ್ಲು, ಬೇರು, ಬ್ರೇಕ್ ಹಿಡಿಯುವ ಕಡೆಯ ಸಾಲು ಗುಂಡಿ, ಒಂದು ಸಣ್ಣ ಜಂಪ್ ಎಲ್ಲ ಬರಬೇಕು. ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡೇ ಕ್ಲಿಕ್, ಬರೆದುಕೊಂಡು ಮತ್ತೆ ಸುತ್ತು. ಬೇಜಾರಿನ ಕೆಲಸ, ಮಧ್ಯಾಹ್ನದ ಹೊತ್ತಿಗೆ ಯಾಕಪ್ಪಾ ಬೇಕಿತ್ತು ಅನ್ನಿಸುತ್ತದೆ. ಆದರೆ ರಿಬೌಂಡ್ (ಕುಗ್ಗಿದ ಸಸ್ಪೆನ್ಷನ್ ವಾಪಸ್ ಹಿಗ್ಗುವುದು) ವಿಷಯ ನನಗೆ ಅರ್ಥವಾದದ್ದು ಆ ದಿನವೇ. ಸಾಲು ಗುಂಡಿಯಲ್ಲಿ ಮೊದಲ ಮೂರು ಚೆನ್ನಾಗಿ ನುಂಗುತ್ತಿತ್ತು, ನಾಲ್ಕನೆಯದರಿಂದ ಕಲ್ಲಿನ ಹಾಗೆ ಬಡಿಯುತ್ತಿತ್ತು. ರಿಬೌಂಡ್ ನಿಧಾನ ಇದ್ದರೆ ಹೀಗೇ ಆಗುತ್ತದೆ. ಚಕ್ರ ಪೂರ್ತಿ ವಾಪಸ್ ಬರುವ ಮೊದಲೇ ಮುಂದಿನ ಗುಂಡಿ, ಅದು ಮುಗಿಯುವ ಮೊದಲು ಇನ್ನೊಂದು, ಪ್ರತಿ ಸಲ ಸ್ವಲ್ಪ ಸ್ವಲ್ಪ ಕೆಳಗೆ ಇಳಿದು ಕೊನೆಗೆ ಓಟವೇ ಉಳಿಯುವುದಿಲ್ಲ. ನನ್ನ ಫೋರ್ಕಿನಲ್ಲಿ ರಿಬೌಂಡ್ ಸ್ಕ್ರೂ ಕಾಲಿನ ಕೆಳಗಿದೆ, ಮೂರು ಕ್ಲಿಕ್ ಸಡಿಲ ಬಿಟ್ಟೆ, ನಾಲ್ಕನೇ ಗುಂಡಿ ಮಾಯ. ಅದೇ ಜೋಶ್‌ನಲ್ಲಿ ಹಿಂದಿನ ಶಾಕಿನ ರಿಬೌಂಡನ್ನೂ ಮೂರು ಬಿಟ್ಟೆ. ಜಂಪಿನ ಅಂಚಿನಲ್ಲಿ ಹಿಂಭಾಗ ಕತ್ತೆಯ ಹಾಗೆ ಒದ್ದಿತು, ಮೂಗು ಕೆಳಗೆ ಮಾಡಿ ಹಾರಿದೆ. ಎರಡು ಕ್ಲಿಕ್ ವಾಪಸ್.

ಹಿಂದಿನ ಶಾಕಿನ ಹೈ ಸ್ಪೀಡ್ ನಟ್ಟನ್ನು ಕಾಲು ಸುತ್ತು ಬಿಟ್ಟದ್ದು ಬೇರಿನ ಜಾಗಕ್ಕೆ ಒಳ್ಳೆಯದಾಯಿತು. ಫೋರ್ಕನ್ನು ಕ್ಲ್ಯಾಂಪಿನಲ್ಲಿ 3 ಮಿ.ಮೀ. ಕೆಳಗೆ ಇಳಿಸಿ ಮುಂಭಾಗ ಎತ್ತರಿಸಿದೆ, ಇಳಿಜಾರಿನಲ್ಲಿ ಹ್ಯಾಂಡಲ್ ಅಲುಗುವುದು ಕಡಿಮೆ. ಅದರ ಬದಲಿಗೆ ಕಿರಿದಾದ ತಿರುವಿನಲ್ಲಿ ಸ್ವಲ್ಪ ಸೋಮಾರಿ ಆಗಿದೆ. ಎರಡೂ ಬೇಕು ಅಂದರೆ ಸಿಗುವುದಿಲ್ಲ.

ಈಗ 22 ಗಂಟೆ ಓಡಿಸಿದ್ದೇನೆ. ಕೈ ಮರಗಟ್ಟುವುದು ನಿಂತಿದೆ. ಕಲ್ಲಿನ ಮೇಲೆ ಗಾಡಿ ತಾನೇ ನೇರ ದಾರಿ ಹಿಡಿಯುತ್ತದೆ, ನಾನು ಹ್ಯಾಂಡಲ್ ಜೊತೆ ಕುಸ್ತಿ ಮಾಡಬೇಕಿಲ್ಲ. ಸಮಸ್ಯೆ ಒಂದು ಉಳಿದಿದೆ. ದೊಡ್ಡ ಜಂಪಿನಲ್ಲಿ ಸಪಾಟು ನೆಲಕ್ಕೆ ಇಳಿದರೆ ಫೋರ್ಕ್ ತಳ ಮುಟ್ಟುತ್ತದೆ. ಫೋರ್ಕಿನ ಹೊರಗಿನ ಕೋಣೆಗೆ, ಒಂದೊಂದು ಕಾಲಿಗೆ 10 ಸಿಸಿ ಆಯಿಲ್ ಜಾಸ್ತಿ ಹಾಕಿ ನೋಡಬೇಕು. ಆಯಿಲ್ ಹೆಚ್ಚಿದರೆ ಗಾಳಿಯ ಜಾಗ ಕಮ್ಮಿ, ಕೊನೆಯ ಭಾಗ ಮಾತ್ರ ಗಟ್ಟಿಯಾಗುತ್ತದೆ, ಕಲ್ಲಿನ ಮೇಲಿನ ಮೆದುತನ ಉಳಿಯುತ್ತದೆ. ಕ್ಲಿಕ್ಕರ್ ಬಿಗಿ ಮಾಡುವುದಕ್ಕಿಂತ ಇದು ವಾಸಿ.

ಒಬ್ಬ ಗೆಳೆಯ ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿ ತುಂಬುವುದು) ಆಗಿದ್ದರೆ ಪಂಪ್ ಹಿಡಿದು ಎರಡು ನಿಮಿಷದಲ್ಲಿ ತೂಕಕ್ಕೆ ಸರಿ ಮಾಡುತ್ತಿದ್ದೆ ಅಂದ. ಮಾತು ನಿಜ. ಕೆಟಿಎಂ ತನ್ನ ಮೋಟೋಕ್ರಾಸ್ ಗಾಡಿಗಳಲ್ಲಿ ಅದನ್ನೇ ನೆಚ್ಚಿಕೊಂಡಿದೆ, ಅವರ ಡಬ್ಲ್ಯೂಪಿ ಫೋರ್ಕಿನಲ್ಲಿ ಒಂದು ಕಾಲಿನಲ್ಲಿ ಗಾಳಿ, ಇನ್ನೊಂದರಲ್ಲಿ ಚಲನೆಗೆ ಕಡಿವಾಣ ಹಾಕುವ ಡ್ಯಾಂಪಿಂಗ್. ಆದರೆ ಹೋಂಡಾ ಸಿಆರ್‌ಎಫ್450ಆರ್ ಕೆಲವು ವರ್ಷ ಗಾಳಿಯಲ್ಲಿ ಓಡಿ 2017ಕ್ಕೆ ಸ್ಪ್ರಿಂಗಿಗೆ ವಾಪಸ್ ಬಂತು, ಕವಾಸಾಕಿ ಕೆಎಕ್ಸ್450 2019ಕ್ಕೆ. ದಿನಾ ಬೆಳಿಗ್ಗೆ ಪಂಪ್ ಹಿಡಿದು ಒತ್ತಡ ನೋಡುವ ಶಿಸ್ತು ನನ್ನಲ್ಲಿಲ್ಲ, ಆಯಿಲನ್ನೇ ಬೂದಿ ಮಾಡಿದವನು ನಾನು.

ಯಾರಿಗೆ ಈ ಕೆಲಸ ಬೇಕು? 70-75 ಕೆ.ಜಿ. ಇದ್ದು ಸ್ಯಾಗ್ ಎರಡೂ ಸರಿ ಬರುತ್ತಿದ್ದರೆ ಸದ್ಯಕ್ಕೆ ಬೇಡ. ಆಯಿಲ್ ಬದಲಿಸಿ, ಲಿಂಕೇಜ್ ಗ್ರೀಸ್ ಮಾಡಿ, ಒಂದು ದಿನ ಕೂತು ಕ್ಲಿಕ್ಕರ್ ಆಡಿಸಿ. ನನ್ನಂಥ ಭಾರದವರು, ಅಥವಾ ತೀರಾ ಹಗುರ ಇರುವವರು ಸ್ಪ್ರಿಂಗ್ ಮಾತ್ರ ಮೊದಲು ಬದಲಿಸಿ ಓಡಿಸಿ ನೋಡಿ. ಅರ್ಧಕ್ಕಿಂತ ಜಾಸ್ತಿ ಸುಖ ನನಗೆ ಸಿಕ್ಕಿದ್ದು ಸ್ಪ್ರಿಂಗಿನಿಂದಲೇ. ವಾಲ್ವಿಂಗ್ ಆಮೇಲೆ.

ಹೋದ ವಾರ ಎಡಗಾಲಿನ ಸೀಲ್ ಹತ್ತಿರ ಆಯಿಲ್ ಜಿನುಗಿತ್ತು. ಹೊಸ ಸೀಲೇ ಕೆಟ್ಟಿತಾ ಅಂತ ಎದೆ ಧಸಕ್ ಅಂತು. ಡಸ್ಟ್ ಸೀಲ್ ಕೆಳಗಿಳಿಸಿ ತೆಳು ಪ್ಲಾಸ್ಟಿಕ್ ಪಟ್ಟಿಯೊಂದನ್ನು ಸುತ್ತಲೂ ಆಡಿಸಿದೆ, ಒಣಗಿದ ಕೆಸರಿನ ಒಂದು ಚೂರು ಹೊರಬಂತು, ಜಿನುಗು ನಿಂತಿತು. ಮುಂದಿನ ಸರ್ವಿಸಿಗೆ ಶಾಕನ್ನು ಮತ್ತೆ ಅವರಿಗೇ ಕಳಿಸುತ್ತೇನೆ. ಫೋರ್ಕ್ ಆಯಿಲ್ ನಾನೇ ಬದಲಿಸೋಣ ಅಂತಿದ್ದೇನೆ, ಅದಕ್ಕೆ ಬೇಕಾದ ಆ ಚೀಟಿ ಇನ್ನೂ ಬಂದಿಲ್ಲ. ಎರಡು ಸಲ ಕೇಳಿದ್ದೇನೆ.